ಅಪ್ಪ-ಅಮ್ಮನ ಆಸ್ಪತ್ರೆ ಕ್ಲೈಮ್: ದೂರದಿಂದಲೇ ನಿಭಾಯಿಸುವುದು ಹೇಗೆ?

ವಿದೇಶದಲ್ಲಿರುವ ನಮ್ಮಲ್ಲಿ ಬಹಳಷ್ಟು ಜನ ಊರಿನಲ್ಲಿರುವ ಅಪ್ಪ-ಅಮ್ಮನಿಗೆ ಆರೋಗ್ಯ ವಿಮೆ ಮಾಡಿಸಿ, ಪ್ರತಿವರ್ಷ ಪ್ರೀಮಿಯಂ ಕಟ್ಟಿ ನೆಮ್ಮದಿಯಾಗಿರುತ್ತೇವೆ. ಕ್ಲೈಮ್ ಮಾಡುವ ದಿನ ಬಂದಾಗ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕ್ ಮುಂದೆ ನಿಲ್ಲುವವರು ಅಮ್ಮ. ನಾವು ಫೋನಿನ ಈ ತುದಿಯಲ್ಲಿ. ಮೈಸೂರಿನಲ್ಲಿ ಅಪ್ಪನಿಗೆ ಪಿತ್ತಕೋಶದ ಆಪರೇಷನ್ ಆದಾಗ ನಾನು ನ್ಯೂಜೆರ್ಸಿಯಿಂದ ಕ್ಲೈಮ್ ನೋಡಿಕೊಂಡೆ. ಅದರಿಂದ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೇಸ್ ಶೀಟ್‌ನ ಒಂದು ಸಾಲು

ಕಂಪನಿ ಕ್ಯಾಶ್‌ಲೆಸ್ ನಿರಾಕರಿಸಿತು. ಕೊಟ್ಟ ಕಾರಣ: ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ ಇದ್ದರೂ ಪಾಲಿಸಿ ಮಾಡಿಸುವಾಗ ತಿಳಿಸಿಲ್ಲ. ನಿಜವೇನೆಂದರೆ ಪಾಲಿಸಿಗೆ 7 ವರ್ಷ, ಅಪ್ಪನ ಸಕ್ಕರೆ ಕಾಯಿಲೆಗೆ 4 ವರ್ಷ. ಆ ‘ಹತ್ತು ವರ್ಷ’ ಅಡ್ಮಿಷನ್ ವೇಳೆ ಯಾರೋ ಕೇಸ್ ಶೀಟ್‌ನಲ್ಲಿ ಬರೆದುಕೊಂಡ ಸಾಲು.

ಕ್ಯಾಶ್‌ಲೆಸ್ ಇಲ್ಲ ಎಂದರೆ ಕ್ಲೈಮ್ ಮುಗಿಯಿತು ಎಂದಲ್ಲ. ದುಡ್ಡು ಕಟ್ಟಿ ಡಿಸ್ಚಾರ್ಜ್ ಮಾಡಿಸಿ, ರೀಇಂಬರ್ಸ್‌ಮೆಂಟ್‌ಗೆ ಹಾಕಿದೆವು. ಜೊತೆಗೆ ಎರಡು ದಾಖಲೆ: ಸಾಲನ್ನು ತಿದ್ದಿ ಚಿಕಿತ್ಸೆ ನೀಡಿದ ಡಾಕ್ಟರು ಸಹಿ ಮಾಡಿದ ಪತ್ರ, ಸಕ್ಕರೆ ಮೊದಲು ಪತ್ತೆಯಾದ ಲ್ಯಾಬ್ ರಿಪೋರ್ಟ್. ಪತ್ರದಲ್ಲಿ ಒಂದು ನಿಯಮವನ್ನೂ ನೆನಪಿಸಿದೆವು. 2024ರಿಂದ ಮೊರಟೋರಿಯಂ ಅವಧಿ 60 ತಿಂಗಳು. ಅಷ್ಟು ಕಾಲ ಪಾಲಿಸಿ ಬಿಡದೆ ನಡೆದಿದ್ದರೆ, ವಂಚನೆ ಸಾಬೀತಾಗದ ಹೊರತು, ‘ಮಾಹಿತಿ ಮುಚ್ಚಿಟ್ಟಿರಿ’ ಎಂದು ಕ್ಲೈಮ್ ತಿರಸ್ಕರಿಸುವಂತಿಲ್ಲ. ನಡುವೆ ವಿಮಾ ಮೊತ್ತ ಹೆಚ್ಚಿಸಿದ್ದರೆ, ಹೆಚ್ಚಿದ ಭಾಗಕ್ಕೆ ಲೆಕ್ಕ ಹೊಸದಾಗಿ ಶುರುವಾಗುತ್ತದೆ. ನಮ್ಮ 1,38,000 ರೂಪಾಯಿ ಬಿಲ್‌ನಲ್ಲಿ 1,32,000 ಬಂತು. ಉಳಿದದ್ದು ಗ್ಲೌಸ್‌ನಂಥ, ಪಾಲಿಸಿಗೆ ಸೇರದ ಸಾಮಾನು.

ಆದ್ದರಿಂದ ಡಿಸ್ಚಾರ್ಜ್‌ಗೆ ಮೊದಲೇ ಸಮ್ಮರಿಯ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡು ಓದಿ. ತಪ್ಪಿದ್ದರೆ ಅಲ್ಲೇ ಹೇಳಿ ತಿದ್ದಿಸಿ.

ರೂಮ್ ಬಾಡಿಗೆಯ ಲೆಕ್ಕ

5 ಲಕ್ಷದ ಪಾಲಿಸಿಯಲ್ಲಿ ದಿನಕ್ಕೆ 1% ಮಿತಿ ಎಂದಿದ್ದರೆ ರೂಮಿಗೆ 5,000. ನೀವು 8,000ದ ರೂಮ್ ತೆಗೆದುಕೊಂಡರೆ ಹೋಗುವುದು ಬರೀ 3,000 ಅಲ್ಲ. ಸರ್ಜನ್ ಫೀ, ಆಪರೇಷನ್ ಥಿಯೇಟರ್ ಮುಂತಾದವೂ ಅದೇ ಅನುಪಾತದಲ್ಲಿ ಕಡಿತವಾಗಬಹುದು: 1,60,000ಕ್ಕೆ 1,00,000 ಮಾತ್ರ. ಔಷಧಿ, ಇಂಪ್ಲಾಂಟ್, ಪರೀಕ್ಷೆಗಳ ಖರ್ಚಿಗೆ ಈ ಕಡಿತ ಹಾಕುವಂತಿಲ್ಲ, ಹಾಕಿದ್ದರೆ ಕೇಳಿ.

ಗಡುವುಗಳು

2024ರ ಮೇ ತಿಂಗಳಿನ ಐಆರ್‌ಡಿಎಐ ಸುತ್ತೋಲೆಯ ಪ್ರಕಾರ ಕ್ಯಾಶ್‌ಲೆಸ್ ಕೋರಿಕೆಗೆ ಕಂಪನಿ 1 ಗಂಟೆಯೊಳಗೆ ನಿರ್ಧಾರ ಹೇಳಬೇಕು, ಡಿಸ್ಚಾರ್ಜ್ ಅನುಮೋದನೆ 3 ಗಂಟೆಯೊಳಗೆ ಕೊಡಬೇಕು. ಅದಕ್ಕಿಂತ ತಡವಾಗಿ ಆಸ್ಪತ್ರೆ ಹೆಚ್ಚು ಹಣ ಹಾಕಿದರೆ ಅದು ಕಂಪನಿಯ ಹೊಣೆ. ನಮ್ಮ ಕಡೆಯ ಗಡುವೂ ಇದೆ: ತುರ್ತು ಅಡ್ಮಿಷನ್ ಆದರೆ ಸಾಮಾನ್ಯವಾಗಿ 24 ಗಂಟೆಯೊಳಗೆ ತಿಳಿಸಬೇಕು.

ಕೊಡುವುದಿಲ್ಲ ಎಂದರೆ

1. ಕಾರಣವನ್ನು ಪಾಲಿಸಿಯ ಷರತ್ತಿನ ಸಂಖ್ಯೆಯೊಂದಿಗೆ ಬರಹದಲ್ಲಿ ಕೇಳಿ. ಫೋನಿನಲ್ಲಿ ಮಾತಾಡಿದರೆ, ಅದೇ ದಿನ ‘ನೀವು ಹೀಗೆ ಹೇಳಿದಿರಿ’ ಎಂದು ಇಮೇಲ್ ಹಾಕಿ.
2. ಕಂಪನಿಯ ದೂರು ಪರಿಹಾರ ಅಧಿಕಾರಿಗೆ ಬರೆಯಿರಿ. ಐಆರ್‌ಡಿಎಐನ ‘ಬಿಮಾ ಭರೋಸಾ’ ಪೋರ್ಟಲ್‌ನಲ್ಲೂ ದೂರು ದಾಖಲಿಸಿ.
3. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್. ಕರ್ನಾಟಕಕ್ಕೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. 50 ಲಕ್ಷದವರೆಗಿನ ವಿವಾದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ಆನ್‌ಲೈನ್‌ನಲ್ಲಿ ದೂರು ಕೊಡಬಹುದು, ವಿಡಿಯೋ ವಿಚಾರಣೆಗೂ ಅವಕಾಶವಿದೆ. ಕಂಪನಿಯ ಉತ್ತರ ಬಂದು ಒಂದು ವರ್ಷದೊಳಗೆ ಹೋಗಬೇಕು. ತೀರ್ಪನ್ನು ಕಂಪನಿ ಪಾಲಿಸಲೇಬೇಕು.

ಪಾಲಿಸಿ ಅಪ್ಪನ ಹೆಸರಲ್ಲಿದ್ದರೆ ದೂರು ಅಪ್ಪನ ಹೆಸರಲ್ಲೇ ಹೋಗಬೇಕು. ನಾವು ಬರೆದುಕೊಡಬಹುದು, ಸಹಿ ಅವರದು.

ಈ ವಾರಾಂತ್ಯ ಮನೆಗೆ ಫೋನ್ ಮಾಡಿದಾಗ ಮೂರನ್ನು ಕೇಳಿ ತರಿಸಿಕೊಳ್ಳಿ: ಪೂರ್ತಿ ಪಾಲಿಸಿ ಪತ್ರ, ಮೊದಲ ಬಾರಿ ತುಂಬಿದ ಪ್ರಪೋಸಲ್ ಫಾರ್ಮ್‌ನ ಪ್ರತಿ, ಹಳೆಯ ಲ್ಯಾಬ್ ರಿಪೋರ್ಟ್‌ಗಳು. ಎಲ್ಲವನ್ನೂ ಸ್ಕ್ಯಾನ್ ಮಾಡಿ ಒಂದು ಫೋಲ್ಡರ್‌ನಲ್ಲಿಡಿ. ರಾತ್ರಿ ಎರಡು ಗಂಟೆಗೆ ಊರಿನಿಂದ ಫೋನ್ ಬಂದರೆ ಹುಡುಕಾಡಬೇಕಾಗುವುದಿಲ್ಲ.