ಬಿಸಿಲ ಸೀಮೆಯಲ್ಲಿ ಹಲಗೆಯ ಮನೆ

ಮನೆ ಕಟ್ಟುವ ವಿಷಯವಾಗಿ ಮಾತನಾಡುವುದಕ್ಕೆ ಕನ್ನಡದ ಮೇಷ್ಟರೊಬ್ಬರು ಏಕೆ ಬಂದರು ಎಂದು ಕೇಳುಗರಿಗೆ ಸೋಜಿಗವಾಗಬಹುದು. ನಾನು ಪಾಠ ಹೇಳಿದ್ದು ಕಾವ್ಯವನ್ನು, ಛಂದಸ್ಸನ್ನು, ಗಾರೆ ಕೆಲಸವನ್ನಲ್ಲ. ಆದರೆ ನಿವೃತ್ತನಾದ ಮೇಲೆ ನನ್ನ ಅಕ್ಕನ ಮನೆಯ ಸೂರಿನ ಪ್ರಶ್ನೆ ನನ್ನ ಪಾಲಿಗೆ ಬಂದಿತು. ಅದನ್ನು ಬಿಡಿಸಹೊರಟು ತಿಳಿದುಕೊಂಡ ನಾಲ್ಕು ಸಂಗತಿಗಳನ್ನು ಇಂದು ನಿಮ್ಮ ಮುಂದಿಡುತ್ತೇನೆ.

ಅಕ್ಕ ಇರುವುದು ಶಿರಾ ತಾಲ್ಲೂಕಿನ ಹುಲಿಕುಂಟೆಯ ಕಡೆ. ಮಧುಗಿರಿ, ಪಾವಗಡಗಳಂತೆ ಅದೂ ಬಂಡೆಗಲ್ಲಿನ ನಾಡು, ಬಡ ಮಳೆಯ ನಾಡು. ಅವಳ ಮಾವನವರು ಕಟ್ಟಿಸಿದ್ದು ಮಾಳಿಗೆ ಮನೆ: ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ, ಮರದ ಕಂಬ, ತೊಲೆ, ಜಂತೆ, ಮೇಲೆ ಸೊಪ್ಪು, ಮಣ್ಣು, ಎಲ್ಲಕ್ಕೂ ಮೇಲೆ ನೀರಿಳಿಯದಂತೆ ಚೌಳು ಮಣ್ಣಿನ ಹೊದಿಕೆ. ಮಳೆಗಾಲಕ್ಕೆ ಮುಂಚೆ ಆ ಹೊದಿಕೆಯನ್ನು ಸರಿಪಡಿಸುತ್ತಿರಬೇಕು. ಭಾವನವರು ತೀರಿಕೊಂಡ ಮೇಲೆ ಆ ಕೆಲಸಕ್ಕೆ ಆಳು ಸಿಗಲಿಲ್ಲ. ಒಂದು ಹಿಂಗಾರಿನಲ್ಲಿ ನಡುಮನೆಯ ಮಾಳಿಗೆ ಕುಸಿಯಿತು. ಅಕ್ಕ ಆ ಹೊತ್ತಿಗೆ ಹಿತ್ತಿಲಿನಲ್ಲಿದ್ದುದರಿಂದ ಉಳಿದಳು. ಅವಸರದಲ್ಲಿ ತಗಡು ಹೊದಿಸಿದೆವು. ಮುಂದಿನ ಬೇಸಗೆಯಲ್ಲಿ ಅವಳು ಮಧ್ಯಾಹ್ನಗಳನ್ನೆಲ್ಲ ಬೇವಿನ ಮರದ ಬುಡದಲ್ಲಿ ಕಳೆದಳು. 72 ವರ್ಷದ ಹೆಂಗಸು, ಸ್ವಂತ ಮನೆಯಿದ್ದೂ ಮರದಡಿಯಲ್ಲಿ ಕುಳಿತಿದ್ದುದನ್ನು ನೋಡಿ ನನಗೆ ನಾಚಿಕೆಯಾಯಿತು.

ಬೆಂಗಳೂರಿನಲ್ಲಿರುವ ಅವಳ ಮಗ ಒಂದು ಪರಿಹಾರ ತಂದ. ಹಳೆಯದನ್ನು ಕೆಡವಿ, ಕಾರ್ಖಾನೆಯಲ್ಲಿ ಸಿದ್ಧವಾದ ಪ್ಯಾನೆಲ್‌ಗಳನ್ನು ತಂದು ಜೋಡಿಸಿದರೆ ತಿಂಗಳೊಳಗೆ ಮನೆ ನಿಲ್ಲುತ್ತದೆ, ತಂಪಾಗಿಯೂ ಇರುತ್ತದೆ ಎಂದ. ಮಾರಾಟದ ಹುಡುಗನೊಬ್ಬ ಮಾದರಿಯನ್ನೂ ತಂದು ತೋರಿಸಿದ. ಎರಡು ತೆಳುವಾದ ಗಟ್ಟಿ ಹಾಳೆಗಳು, ನಡುವೆ ಹಗುರವಾದ ದಪ್ಪ ತಿರುಳು. ಅಕ್ಕ ಅದನ್ನು ಬೆರಳಿನಿಂದ ತಟ್ಟಿ, “ಇದ್ಕೆ ಮೊಳೆ ಹೊಡುದ್ರೆ ನಿಲ್ತೈತೇನಪ್ಪಾ? ತೊಟ್ಲು ಎಲ್ಲಿಗೆ ಕಟ್ಟೋದು?” ಎಂದು ಕೇಳಿದಳು. ಹುಡುಗ ನಕ್ಕ. ಆ ಪ್ರಶ್ನೆ ನಗುವಂಥದ್ದಲ್ಲವೆಂದು ನನಗೆ ಆಮೇಲೆ ತಿಳಿಯಿತು.

ಈ ಹಲಗೆಯ ಹುಟ್ಟು ಚಳಿ ದೇಶದ್ದು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್‌ನಲ್ಲಿರುವ ಅರಣ್ಯೋತ್ಪನ್ನ ಪ್ರಯೋಗಾಲಯದವರು 1935ರ ಸುಮಾರಿಗೆ ಮರದ ಹಾಳೆಗಳ ಹಲಗೆಗಳಿಂದ ಮನೆ ಕಟ್ಟಿ ಪರೀಕ್ಷಿಸಿದರು. ನೊರೆಯಂಥ ತಿರುಳುಳ್ಳ ಹಲಗೆಯನ್ನು 1952ರಲ್ಲಿ ಮಿಷಿಗನ್‌ನ ಮಿಡ್‌ಲ್ಯಾಂಡಿನಲ್ಲಿ ಆಲ್ಡನ್ ಡೌ ಎಂಬ ವಾಸ್ತುಶಿಲ್ಪಿ ಮನೆಗೆ ಬಳಸಿದ. ಹೊರಗೆ ಹಿಮ ಬೀಳುವಾಗ ಒಳಗಿನ ಬಿಸಿ ಆರದಂತೆ ಕಾಯುವುದು ಅದರ ಕೆಲಸ. ನಮಗೆ ಬೇಕಾದುದು ಹೊರಗಿನ ಬಿಸಿ ಒಳಗೆ ಬಾರದಿರುವುದು. ತಡೆ ಎರಡು ಕಡೆಗೂ ಒಂದೇ ಆದುದರಿಂದ ಹಲಗೆ ನಮಗೂ ಉಪಯುಕ್ತವೇ. ಆದರೆ ಅಲ್ಲೊಂದು ತೊಡಕಿದೆ.

ಶಾಖವನ್ನು ಎದುರಿಸುವ ಬಗೆ ಎರಡು. ಒಂದು ತಡೆಯುವುದು, ಇನ್ನೊಂದು ತಾಳಿಕೊಳ್ಳುವುದು. ಹಲಗೆಯ ತಿರುಳು ತಡೆಯುತ್ತದೆ. ನಾವು ಥರ್ಮೋಕೋಲ್ ಎನ್ನುವ ವಸ್ತುವಿನಲ್ಲಿ ಶಾಖ ಹರಿಯುವುದು ಇಟ್ಟಿಗೆಗಿಂತ ಸುಮಾರು 20 ಪಟ್ಟು ನಿಧಾನ, ನಮ್ಮ ಬಂಡೆಗಲ್ಲಿಗಿಂತ 70 ಪಟ್ಟಿಗೂ ಹೆಚ್ಚು ನಿಧಾನ. ನಾಲ್ಕು ಅಂಗುಲದ ತಿರುಳು ಆರು ಅಡಿಗೂ ಮೀರಿದ ಇಟ್ಟಿಗೆ ಗೋಡೆಯಷ್ಟು ತಡೆಯೊಡ್ಡುತ್ತದೆ. ಮಣ್ಣಿನ ಗೋಡೆಯ ಗುಣ ಬೇರೆ. ಅದು ಹಗಲಿನ ಶಾಖವನ್ನು ತನ್ನೊಳಗೆ ತುಂಬಿಕೊಳ್ಳುತ್ತದೆ. ಒಂದೂವರೆ ಅಡಿಯ ಗೋಡೆಯನ್ನು ದಾಟಲು ಶಾಖಕ್ಕೆ ಹತ್ತು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಅಷ್ಟು ಹೊತ್ತಿಗೆ ರಾತ್ರಿಯಾಗಿ, ನಮ್ಮ ಬಯಲುಸೀಮೆಯ ತಂಗಾಳಿ ಕಿಟಕಿಯಿಂದ ಬಂದು ಗೋಡೆಯನ್ನು ಮತ್ತೆ ತಣಿಸುತ್ತದೆ. ಹಲಗೆಯ ಗೋಡೆಗೆ ಈ ತಾಳಿಕೆಯಿಲ್ಲ. ಒಲೆಯ ಬಿಸಿ, ಜನರ ಉಸಿರಿನ ಬಿಸಿ ಒಳಗೆ ಸೇರಿದರೆ ಅದನ್ನು ಹೀರಿಕೊಳ್ಳುವವರಿಲ್ಲ. ಗಾಳಿಯಾಡದ ಹಲಗೆಯ ಕೋಣೆ ಮುಚ್ಚಳ ಹಾಕಿದ ಹಂಡೆಯಂತೆ. ತಂಪು ಯಂತ್ರವಿದ್ದರೆ ಸರಿ, ಅಕ್ಕನಿಗೆ ಅದಿಲ್ಲ.

ಹಾಗಾದರೆ ಬಿಸಿಲು ಮನೆಯನ್ನು ಹೊಗುವುದು ಎಲ್ಲಿಂದ? ನಮ್ಮ ಸೀಮೆಯಲ್ಲಿ ಏಪ್ರಿಲ್ ಕೊನೆಯ ವಾರದಲ್ಲಿ ನಡುಹಗಲಿನ ಸೂರ್ಯ ನೆತ್ತಿಯ ನೇರಕ್ಕೇ ಇರುತ್ತಾನೆ. ಪಾವಗಡದ ತಿರುಮಣಿಯ ಬಳಿ ಸುಮಾರು 13,000 ಎಕರೆಗಳಲ್ಲಿ ಸೌರ ವಿದ್ಯುತ್ ಫಲಕಗಳನ್ನು ಹರಡಿದ್ದಾರಲ್ಲ, ಅದು ಇದೇ ಬಿಸಿಲಿನ ಫಸಲು. ಆ ಬಿಸಿಲಿನ ಹೆಚ್ಚಿನ ಪಾಲು ಬೀಳುವುದು ಮನೆಯ ಸೂರಿನ ಮೇಲೆ. ಅನಂತರ ಪಡುವಣ ಮತ್ತು ಮೂಡಣ ಗೋಡೆಗಳ ಮೇಲೆ. ಉಳಿದೆರಡು ಗೋಡೆಗಳಿಗೆ ಬೀಳುವುದು ಅತ್ಯಲ್ಪ. ಆದುದರಿಂದ ಹಲಗೆಗೆ ಹಣ ಹಾಕುವುದಾದರೆ ಮೊದಲು ಸೂರಿಗೆ ಹಾಕಬೇಕು. ಗೋಡೆಗೆಲ್ಲ ದುಬಾರಿ ಹಲಗೆ ನಿಲ್ಲಿಸಿ ಮೇಲೆ ತಗಡು ಹೊದಿಸಿದರೆ ಕೊಡೆ ಮಡಚಿ ಕಂಬಳಿ ಹೊದ್ದಂತಾಗುತ್ತದೆ.

ಇನ್ನು ಭಾರದ ಮಾತು. ಪ್ಯಾನೆಲ್ ಎಂದು ಮಾರುವ ಎಲ್ಲವೂ ಭಾರ ಹೊರುವುದಿಲ್ಲ. ಅಮೆರಿಕದಲ್ಲಿ ಮರದ ಚೂರುಗಳನ್ನು ಒತ್ತಿ ಮಾಡಿದ ಹಾಳೆಗಳ ನಡುವೆ ತಿರುಳು ಅಂಟಿಸಿದ ಹಲಗೆಗಳೇ ಗೋಡೆಯಾಗಿ ಮನೆಯನ್ನು ಹೊರುತ್ತವೆ. ನಮ್ಮಲ್ಲಿ ಹೆಚ್ಚಾಗಿ ದೊರೆಯುವುದು ಉಕ್ಕಿನ ತಗಡು ಅಥವಾ ಸಿಮೆಂಟಿನ ಹಾಳೆಯ ಹೊದಿಕೆಯುಳ್ಳವು. ಇವುಗಳ ಕೆಲಸ ಮರೆ ಮಾಡುವುದು. ಇಂದೋರಿನಲ್ಲಿ 2021ರ ಜನವರಿಯಲ್ಲಿ ಶಂಕುಸ್ಥಾಪನೆಯಾದ 1,024 ಮನೆಗಳ ಸರ್ಕಾರಿ ಯೋಜನೆಯಲ್ಲಿ ಗೋಡೆಗಳು ಇಂಥ ಹಲಗೆಗಳೇ, ಆದರೆ ಭಾರ ಹೊರುವುದು ಉಕ್ಕಿನ ಚೌಕಟ್ಟು. ಇದನ್ನು ಓದಿದಾಗ ನನಗೆ ಅಕ್ಕನ ಮನೆ ನೆನಪಾಯಿತು. ಅಲ್ಲಿಯೂ ಮಾಳಿಗೆಯನ್ನು ಹೊತ್ತದ್ದು ಕಂಬ ತೊಲೆಗಳೇ. ಗೋಡೆ ಬಿಸಿಲಿಗೆ ಮರೆಯಾಗಿ ನಿಂತಿತ್ತು. ಅಂಥ ಗೋಡೆಯನ್ನು ಕೆಡವಿ ತೆಳು ಹಲಗೆ ತರುವುದರಲ್ಲಿ ಲಾಭವೇನೆಂದು ಅಳಿಯನನ್ನು ಕೇಳಿದೆ.

ಆರಿಸುವಾಗ ಕೇಳಲೇಬೇಕಾದ ಇನ್ನೂ ಮೂರು ಪ್ರಶ್ನೆಗಳಿವೆ. ತಿರುಳು ಯಾವುದು ಎಂಬುದು ಮೊದಲನೆಯದು. ಥರ್ಮೋಕೋಲ್ ನೀರು ಕುದಿಯುವಷ್ಟು ಬಿಸಿಗೇ ಮೆತ್ತಗಾಗುತ್ತದೆ; ಬೆಂಕಿ ತಗುಲಿದರೆ ಕರಗಿ ಉರಿಯುತ್ತದೆ. ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ ಕಟ್ಟಡಕ್ಕೆ ಹೊರಗಿನಿಂದ ಹೊದಿಸಿದ್ದ ಅಲ್ಯುಮಿನಿಯಂ ಹಲಗೆಗಳೊಳಗೆ ಪ್ಲಾಸ್ಟಿಕ್ ತಿರುಳಿತ್ತು. 2017ರ ಜೂನ್ 14ರ ಬೆಂಕಿಯಲ್ಲಿ 72 ಜನ ಸತ್ತರು. ಸೌದೆ ಒಲೆಯಿರುವ ಕಡೆ ರಾಕ್‌ವೂಲ್, ಎಂದರೆ ಬಂಡೆಯನ್ನು ಕರಗಿಸಿ ತೆಗೆದ ನಾರಿನ ತಿರುಳು, ಮೇಲು. ಅದು ಉರಿಯುವುದಿಲ್ಲ, ಆದರೆ ಭಾರ ಹೆಚ್ಚು, ನೀರು ಸೇರದಂತೆ ನೋಡಿಕೊಳ್ಳಬೇಕು. ಎರಡನೆಯದು, ಕೂಡುಗಳ ಪ್ರಶ್ನೆ. ಮಳೆ, ಇಲಿ, ಇರುವೆ ಹೊಗುವುದು ಹಲಗೆಯಿಂದಲ್ಲ, ಹಲಗೆ ಹಲಗೆ ಸೇರುವ ಸಂದಿನಿಂದ. ಮೂರನೆಯದು, ಹಿಡಿತ. ಹಗುರವಾದ ಸೂರನ್ನು ಭರಣಿ ಮಳೆಯ ಮುಂಚಿನ ಗಾಳಿ ಎತ್ತಿ ಒಗೆಯಬಲ್ಲದು. ಅದನ್ನು ಮಣ್ಣಿನ ಗೋಡೆಗಲ್ಲ, ನೆಲದಲ್ಲಿ ಹೂತ ಕಂಬಗಳಿಗೆ ಬಿಗಿಯಬೇಕು. ಅಕ್ಕನ ಮೊಳೆಯ ಪ್ರಶ್ನೆಯೂ ಹಿಡಿತದ್ದೇ. ತಿರುಳಿನಲ್ಲಿ ಮೊಳೆ ನಿಲ್ಲದು; ತೂಕದ್ದನ್ನು ತೂಗುಹಾಕುವ ಜಾಗಕ್ಕೆ ಮೊದಲೇ ಒಳಗೆ ಮರವನ್ನೋ ಉಕ್ಕನ್ನೋ ಇರಿಸಿರಬೇಕು.

ಕೊನೆಗೆ ನಾವು ಮಾಡಿದ್ದಿಷ್ಟು. ಗೋಡೆಗಳನ್ನು ಉಳಿಸಿಕೊಂಡೆವು. ಕುಸಿದ ಭಾಗವನ್ನು ಸಿಮೆಂಟು ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯಿಂದ ಕಟ್ಟಿಸಿದೆವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ನಮ್ಮ ಜಿಲ್ಲೆಯದೇ ಆದ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೆಲಸ ಮಾಡಿ ಬಳಕೆಗೆ ತಂದ ವಿದ್ಯೆಗಳಲ್ಲಿ ಅದೂ ಒಂದು. ನಡುಮನೆಗೆ ಉಕ್ಕಿನ ಕಂಬಗಳನ್ನೆತ್ತಿ ಹಲಗೆಯ ಸೂರು ಹಾಕಿಸಿದೆವು. ಅಡುಗೆಮನೆಯ ಮೇಲೆ ರಾಕ್‌ವೂಲಿನದು. ಬಿಸಿಗಾಳಿ ಹೊರಹೋಗಲು ಸೂರಿನಡಿಯಲ್ಲಿ ಎದುರುಬದುರಾಗಿ ಕಿಂಡಿಗಳನ್ನಿಟ್ಟೆವು. ಪಡುವಣ ಗೋಡೆಗೆ ಚಪ್ಪರ ಹಾಕಿದೆವು. ಮೊದಲ ಮಳೆಗೆ ಒಂದು ಸಂದು ಸೋರಿತು. ಅದನ್ನು ಎರಡು ಬಾರಿ ರಿಪೇರಿ ಮಾಡಿಸಬೇಕಾಯಿತು.

ಈಗ ಬೇವಿನ ಮರದಡಿ ಅಕ್ಕನ ಚಾಪೆ ಕಾಣುವುದಿಲ್ಲ. ಮಧ್ಯಾಹ್ನ ಅವಳು ನಡುಮನೆಯಲ್ಲೇ ಮಲಗುತ್ತಾಳೆ. ಪಡಸಾಲೆಯ ಹಳೆಯ ತೊಲೆ ಗಟ್ಟಿಯಾಗಿದ್ದುದರಿಂದ ಅದನ್ನು ಹಾಗೆಯೇ ಬಿಟ್ಟಿದ್ದೆವು. ಕಳೆದ ಯುಗಾದಿಗೆ ಅಳಿಯನ ಮಗುವಿನ ತೊಟ್ಟಿಲನ್ನು ಅಕ್ಕ ಅದಕ್ಕೇ ಕಟ್ಟಿಸಿದಳು.