ಅಮ್ಮನ ಕಾಲು, ಮಗಳ ಕಾಲು

ವೈರಮುಡಿ ಉತ್ಸವದ ರಾತ್ರಿ ಮೇಲುಕೋಟೆಯ ಬೀದಿಗಳಲ್ಲಿ ಚೆಲುವನಾರಾಯಣಸ್ವಾಮಿಯ ದರ್ಶನಕ್ಕೆಂದು ಗಂಟೆಗಟ್ಟಲೆ ನಿಂತವರಿಗೆ ಬೆಳಗಾಗುವಷ್ಟರಲ್ಲಿ ಕಾಲು ಭಾರವಾಗಿರುತ್ತದೆ. ಅವರೇ ಯೋಗಾನರಸಿಂಹನ ಬೆಟ್ಟ ಹತ್ತಿ ಇಳಿದರೆ ಮಂಡಿ ನೋಯಬಹುದು, ಪಾದ ಅಷ್ಟಾಗಿ ಊದುವುದಿಲ್ಲ. ಕಾರಣ ಮೀನಖಂಡದಲ್ಲಿದೆ. ಅಲುಗಾಡದೆ ನಿಂತಾಗ ಪಾದದ ಗಿಣ್ಣಿನ ಬಳಿ ಅಭಿಧಮನಿಗಳಲ್ಲಿ ರಕ್ತದ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟಿರುತ್ತದೆ. ನಡೆಯತೊಡಗಿದೊಡನೆ ಮೀನಖಂಡದ ಸ್ನಾಯು ನಾಳಗಳನ್ನು ಹಿಂಡಿ ರಕ್ತವನ್ನು ಮೇಲಕ್ಕೆ ತಳ್ಳುತ್ತದೆ, ಒತ್ತಡ 30ರ ಆಸುಪಾಸಿಗೆ ಇಳಿಯುತ್ತದೆ. ಮೇಲೇರಿದ ರಕ್ತ ಮತ್ತೆ ಕೆಳಗೆ ಜಾರದಂತೆ ನಾಳದೊಳಗಿನ ಪುಟ್ಟ ಕವಾಟಗಳು ತಡೆಯುತ್ತವೆ. ಅವು ಸೋತರೆ ರಕ್ತ ಕೆಳಗೇ ತಂಗುತ್ತದೆ. ನಾಳ ಹಿಗ್ಗಿ, ತಿರುಚಿಕೊಂಡು, ಚರ್ಮದಡಿ ನೀಲಿಯಾಗಿ ಎದ್ದು ಕಾಣುತ್ತದೆ. ಇದೇ ವೆರಿಕೋಸ್ ವೇನ್ಸ್.

ಪುಳಿಯೋಗರೆಯ ಒಲೆ ಮುಂದೆ ವರ್ಷಾನುಗಟ್ಟಲೆ ನಿಂತ ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಹೀಗಾಗುವುದೇಕೆ?

1994ರಲ್ಲಿ ಫ್ರಾನ್ಸಿನ ವೈದ್ಯರು 134 ಕುಟುಂಬಗಳನ್ನು ಪರೀಕ್ಷಿಸಿದರು. ತಂದೆ ತಾಯಿ ಇಬ್ಬರಿಗೂ ವೆರಿಕೋಸ್ ವೇನ್ಸ್ ಇದ್ದರೆ ಮಕ್ಕಳಿಗೆ ಬರುವ ಸಂಭವ ಶೇ 90. ಒಬ್ಬರಿಗೆ ಮಾತ್ರ ಇದ್ದರೆ ಹೆಣ್ಣುಮಕ್ಕಳಿಗೆ ಶೇ 62, ಗಂಡುಮಕ್ಕಳಿಗೆ ಶೇ 25. ಇಬ್ಬರಿಗೂ ಇಲ್ಲದಿದ್ದರೂ ಶೇ 20. ಈ ಅಂಕಿಗಳನ್ನು ಕಂಡು ಗಾಬರಿಯಾಗಬೇಕಿಲ್ಲ. 2010ರಲ್ಲಿ ಪ್ರಕಟವಾದ ಜರ್ಮನಿಯ ಒಂದು ಅಧ್ಯಯನ, ಜನರ ನಡುವಿನ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲು ಶೇ 17ರಷ್ಟು ಎಂದು ಲೆಕ್ಕ ಹಾಕಿತು. ತಾಯಿಯಿಂದ ಮಗಳಿಗೆ ಬರುವುದು ವಂಶವಾಹಿಯೊಂದೇ ಅಲ್ಲವಲ್ಲ. ಅದೇ ಅಡುಗೆಮನೆ, ಅದೇ ದುಡಿಮೆ, ಅದೇ ಊಟ ಕೂಡ ಬರುತ್ತವೆ.

ವಂಶವಾಹಿಯ ಕೈವಾಡ ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಒಂದು ಅಪರೂಪದ ಕಾಯಿಲೆಯಲ್ಲಿ. ಕೆಲವರಿಗೆ ರೆಪ್ಪೆಯ ಒಳ ಅಂಚಿನಲ್ಲಿ ಎರಡನೆಯ ಸಾಲು ಕೂದಲು ಹುಟ್ಟಿ ಕಣ್ಣುಗುಡ್ಡೆಗೆ ಉಜ್ಜುತ್ತದೆ. ಹರೆಯ ಬರುವ ವೇಳೆಗೆ ಕಾಲೂ ಬಾತುಕೊಳ್ಳುತ್ತದೆ. ಎರಡಕ್ಕೂ ಮೂಲ 16ನೇ ವರ್ಣತಂತುವಿನ ಮೇಲಿರುವ ಫಾಕ್ಸ್‌ಸಿ2 ಎಂಬ ಒಂದೇ ವಂಶವಾಹಿ. 2007ರಲ್ಲಿ ಬ್ರಿಟನ್ನಿನ ಸಂಶೋಧಕರು ಇದರಲ್ಲಿ ದೋಷವಿದ್ದ 18 ಮಂದಿಯ ಕಾಲುಗಳನ್ನು ಅಲ್ಟ್ರಾಸೌಂಡ್‌ನಲ್ಲಿ ನೋಡಿದಾಗ, ಹದಿನೆಂಟೂ ಜನರ ತೊಡೆಯ ಮೇಲ್ಪದರದ ದೊಡ್ಡ ಅಭಿಧಮನಿಯಲ್ಲಿ ರಕ್ತ ಹಿಮ್ಮುಖವಾಗಿ ಹರಿಯುತ್ತಿತ್ತು. ನಾಳಗಳಲ್ಲಿ ಕವಾಟ ಸರಿಯಾಗಿ ಮೂಡಲು, ಮೂಡಿದ್ದು ಉಳಿಯಲು ಈ ವಂಶವಾಹಿ ಬೇಕೇ ಬೇಕು.

ಸಾಮಾನ್ಯರಲ್ಲಿ ಕಥೆ ಇಷ್ಟು ನೇರವಲ್ಲ. 2018ರಲ್ಲಿ ಬ್ರಿಟನ್ನಿನ ಆರೋಗ್ಯ ಮಾಹಿತಿ ಭಂಡಾರವಾದ ಯುಕೆ ಬಯೋಬ್ಯಾಂಕ್‌ನ ಸುಮಾರು 4.9 ಲಕ್ಷ ಜನರ ಮಾಹಿತಿ ಜಾಲಾಡಿದಾಗ ಹತ್ತಾರು ವಂಶವಾಹಿಗಳು ಸಿಕ್ಕವು. ಒಂದೊಂದರ ಪ್ರಭಾವವೂ ಚಿಕ್ಕದು. ಅವುಗಳಲ್ಲಿ ಪಿಯೆಜೋ-1 ಗಮನ ಸೆಳೆಯುತ್ತದೆ. ರಕ್ತನಾಳದ ಒಳಪದರ ರಕ್ತದ ಹರಿವನ್ನು, ಒತ್ತಡವನ್ನು ಅರಿಯುವುದು ಇದರಿಂದ ತಯಾರಾಗುವ ಪ್ರೋಟೀನಿನ ಮೂಲಕ. ಇದನ್ನು ಕಂಡುಹಿಡಿದ ಆರ್ಡೆಮ್ ಪಟಪೂಟಿಯನ್‌ಗೆ 2021ರ ನೊಬೆಲ್ ಸಂದಿತು. ಎತ್ತರದ ಮೈಕಟ್ಟೂ ಅಪಾಯ ಹೆಚ್ಚಿಸುತ್ತದೆ ಎಂಬುದು ಅದೇ ಅಧ್ಯಯನದಲ್ಲಿ ಹೊರಬಂತು.

ಕೊರತೆಯೊಂದಿದೆ, ಅದನ್ನು ಹೇಳಲೇಬೇಕು. ಯುಕೆ ಬಯೋಬ್ಯಾಂಕ್‌ನಲ್ಲಿರುವ ಬಹುಪಾಲು ಜನ ಯುರೋಪ್ ಮೂಲದವರು. ಮಂಡ್ಯ ಸೀಮೆಯಲ್ಲಿ ಜಾತಿಯೊಳಗೇ, ಎಷ್ಟೋ ಮನೆಗಳಲ್ಲಿ ಸೋದರಮಾವನೊಂದಿಗೆ, ಸೋದರತ್ತೆಯ ಮಗನೊಂದಿಗೆ ಸಂಬಂಧ ಬೆಳೆಸಿಕೊಂಡು ಬಂದವರ ವಂಶವಾಹಿಗಳಿಗೆ ಅವರ ಪಟ್ಟಿ ಹಾಗೆಹಾಗೇ ಹೊಂದುತ್ತದೆಂದು ನಂಬುವುದು ತಪ್ಪು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುನ್ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಡಿ 10,000 ಭಾರತೀಯರ ಪೂರ್ಣ ಜೀನೋಮ್ ಓದಲಾಗಿದ್ದು, 2025ರ ಜನವರಿಯಲ್ಲಿ ಅದು ಸಂಶೋಧಕರಿಗೆ ತೆರೆದಿದೆ. ನಮ್ಮ ಕಾಲುಗಳ ಲೆಕ್ಕವೂ ಅಲ್ಲಿಂದ ಶುರುವಾಗಬೇಕು.

ಅಲ್ಲಿಯವರೆಗೆ ಖರ್ಚಿಲ್ಲದ ವಂಶವಾಹಿ ಪರೀಕ್ಷೆ ಎಂದರೆ ಮನೆಯಲ್ಲಿ ಕೇಳುವುದು: ಅಜ್ಜಿಗೆ ಕಾಲಲ್ಲಿ ನಾಳ ಉಬ್ಬಿತ್ತೆ, ಗಿಣ್ಣಿನ ಒಳಬದಿಯಲ್ಲಿ ಮಾಯದ ಹುಣ್ಣಿತ್ತೆ? ಹೌದಾದರೆ ಸಂಜೆಯ ಹೊತ್ತು ಪಾದ ಊದುವುದನ್ನೂ ಗಿಣ್ಣಿನ ಸುತ್ತ ಚರ್ಮ ಕಪ್ಪಾಗಿ ತುರಿಸುವುದನ್ನೂ ಉಪೇಕ್ಷೆ ಮಾಡಬಾರದು. ಮಂಡ್ಯದಲ್ಲೂ ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲೂ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಿವೆ. ರಕ್ತದ ಹರಿವು ತೋರಿಸುವ ಡಾಪ್ಲರ್ ಪರೀಕ್ಷೆಯಲ್ಲಿ ರೋಗಿಯನ್ನು ನಿಲ್ಲಿಸಿ, ಮೀನಖಂಡವನ್ನು ಒಮ್ಮೆ ಅದುಮಿ ಬಿಡುತ್ತಾರೆ. ತೊಡೆಯ ಮೇಲ್ಪದರದ ನಾಳದಲ್ಲಿ ರಕ್ತ ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಕೆಳಮುಖವಾಗಿ ಹರಿದರೆ ಕವಾಟ ಸೋತಿದೆ ಎಂದರ್ಥ. ಬಸುರಿನಲ್ಲಿ ಈ ತೊಂದರೆ ಹೆಚ್ಚುವುದರಿಂದ, ತಾಯಿಗೆ ಈ ಕಾಯಿಲೆ ಇದ್ದ ಹೆಣ್ಣುಮಗಳು ಮೊದಲ ತಪಾಸಣೆಯಲ್ಲೇ ಅದನ್ನು ವೈದ್ಯರ ಕಿವಿಗೆ ಹಾಕುವುದು ಒಳ್ಳೆಯದು.