ರೋಗಿಯನ್ನು ನೋಡಲು ಹೋಗದಿರುವುದೂ ಸೇವೆಯೇ

ನಮ್ಮವರೊಬ್ಬರು ಆಸ್ಪತ್ರೆಯಲ್ಲಿದ್ದಾರೆಂದರೆ ನಾವು ಮನೆಯಲ್ಲಿ ಕೂರುವವರಲ್ಲ. ಮಂಗಳೂರು, ಉಳ್ಳಾಲ, ಬಂಟ್ವಾಳದಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬಂದು, ಹಣ್ಣಿನ ಚೀಲ ಹಿಡಿದು ವಾರ್ಡಿನ ಮುಂದೆ ನಿಲ್ಲುತ್ತೇವೆ. ರೋಗಿಯ ಸಂದರ್ಶನ ಸುನ್ನತ್ ಅಲ್ವಾ! ಆದರೆ ಬಸವನಗುಡಿಯ ಶ್ರೀ ಶಂಕರ ಕ್ಯಾನ್ಸರ್ ಆಸ್ಪತ್ರೆಯಂಥ ಕಡೆ, ಅಸ್ಥಿಮಜ್ಜೆ ಕಸಿಗೆ ದಾಖಲಾದವರನ್ನು ಹಾಗೆ ನೋಡಲಾಗದು. ಬೇಸರಪಡುವ ಮೊದಲು ಒಳಗೆ ನಡೆಯುವುದೇನೆಂದು ತಿಳಿಯೋಣ.

ಮೈಲೋಮಾ ಎಂಬ ರಕ್ತದ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಕೆಲವು ದಿನ ಇಂಜೆಕ್ಷನ್ ಕೊಟ್ಟು, ರೋಗಿಯ ರಕ್ತದಿಂದಲೇ ಕಾಂಡಕೋಶಗಳನ್ನು ಯಂತ್ರದ ಮೂಲಕ ತೆಗೆದಿಡುತ್ತಾರೆ. ಬಳಿಕ ಮೆಲ್ಫಲಾನ್ ಎಂಬ ಔಷಧಿಯನ್ನು ಭಾರೀ ಪ್ರಮಾಣದಲ್ಲಿ ಕೊಡುತ್ತಾರೆ. ಅದು ಕ್ಯಾನ್ಸರ್ ಕೋಶಗಳ ಜೊತೆಗೆ ಅಸ್ಥಿಮಜ್ಜೆಯನ್ನೂ ಸುಡುತ್ತದೆ. ತೆಗೆದಿಟ್ಟ ಕೋಶಗಳನ್ನು ಒಂದೆರಡು ದಿನದಲ್ಲಿ ರಕ್ತ ಏರಿಸಿದಂತೆ ಮರಳಿ ಏರಿಸುತ್ತಾರೆ. ‘ಕಸಿ’ ಎಂದರೂ ಇಲ್ಲಿ ಕತ್ತರಿ, ಹೊಲಿಗೆ ಇಲ್ಲ.

ಕೋಶಗಳು ಬೇರೂರಿ ಹೊಸ ಬಿಳಿ ರಕ್ತಕಣ ಹುಟ್ಟಲು ಸುಮಾರು 10ರಿಂದ 14 ದಿನ ಬೇಕು. ಅಷ್ಟು ದಿನ ದೇಹಕ್ಕೆ ಕಾವಲುಗಾರನೇ ಇಲ್ಲ. ಬಾಯಿ ಹುಣ್ಣು, ಭೇದಿ, ಜ್ವರ ಕಾಡುತ್ತವೆ. ನಮಗೆ ಬರೀ ನೆಗಡಿಯಾಗಿರುವುದು ಅವರ ಜೀವಕ್ಕೇ ಕುತ್ತಾದೀತು. ಹೂವು, ಹಸಿ ಹಣ್ಣು ತರುವುದೂ ಬೇಡ. ಝಮ್‌ಝಮ್ ನೀರು, ಜೇನು, ಕರಿಜೀರಿಗೆ ಪ್ರೀತಿಯಿಂದ ತಂದದ್ದೇ ಆದರೂ ವೈದ್ಯರನ್ನು ಕೇಳದೆ ಕೊಡಬಾರದು.

ಈ ಚಿಕಿತ್ಸೆ ಮೈಲೋಮಾವನ್ನು ಸಾಮಾನ್ಯವಾಗಿ ಬುಡಸಮೇತ ಕೀಳುವುದಿಲ್ಲ. ಹಲವರಲ್ಲಿ ವರ್ಷಗಟ್ಟಲೆ ತಡೆದು ನಿಲ್ಲಿಸುತ್ತದೆ. ಮರುಕಳಿಸಿದ ಕೆಲವು ಲಿಂಫೋಮಾಗಳಲ್ಲಿ ಪೂರ್ತಿ ಗುಣವೂ ಆಗುತ್ತದೆ. ಎಲ್ಲರಿಗೂ ಹೊಂದುವ ಚಿಕಿತ್ಸೆಯೂ ಇದಲ್ಲ. ವಯಸ್ಸು, ಹೃದಯ, ಕಿಡ್ನಿ ನೋಡಿಯೇ ವೈದ್ಯರು ನಿರ್ಧರಿಸುತ್ತಾರೆ.

ಹಾಗಾದರೆ ನಾವೇನು ಮಾಡಬಹುದು? ರೋಗಿಯ ಜೊತೆ ಒಬ್ಬರೇ ಇರಲಿ. ಉಳಿದವರು ಅವರ ಮನೆ, ಮಕ್ಕಳ ಶಾಲೆ ನೋಡಿಕೊಳ್ಳೋಣ. ಪ್ಲೇಟ್‌ಲೆಟ್ ಸುಮಾರು 5 ದಿನಕ್ಕಿಂತ ಹೆಚ್ಚು ಉಳಿಯದು, ಮತ್ತೆ ಮತ್ತೆ ಬೇಕಾಗುತ್ತದೆ. ಬೆಂಗಳೂರಿನಲ್ಲಿರುವ ನಮ್ಮ ಯುವಕರು ರಕ್ತನಿಧಿಯನ್ನು ಕೇಳಿ ಸರದಿಯಲ್ಲಿ ಕೊಡಲಿ. ಖರ್ಚು ಲಕ್ಷಗಳಲ್ಲಿ ಬರುತ್ತದೆ. ಆಯುಷ್ಮಾನ್ ಕಾರ್ಡಿನಲ್ಲಿ ಎಷ್ಟು ಸಿಗುತ್ತದೆಂದು ದಾಖಲಾಗುವ ಮೊದಲೇ ವಿಚಾರಿಸಿ. ಬಡ ರೋಗಿಗೆ ಝಕಾತ್ ಸಲ್ಲುತ್ತದೆ.

ಮನೆಗೆ ಬಂದ ಮೇಲೂ ಕೆಲವು ತಿಂಗಳು ಮದುವೆ, ಜನಜಂಗುಳಿಯಿಂದ ದೂರವಿರಬೇಕು. ಕಾಯಿಲೆಯವರಿಗೆ ಜುಮಾಕ್ಕೂ ಉಪವಾಸಕ್ಕೂ ದೀನ್ ವಿನಾಯಿತಿ ಕೊಟ್ಟಿದೆ. “ಪಳ್ಳಿಗೆ ಯಾಕೆ ಬರ್ಲಿಲ್ಲ?” ಎಂದು ಕೇಳುವುದು ಬೇಡ. ಫೋನಿನಲ್ಲಿ ಸಲಾಂ ಹೇಳಿ, ಮನೆಯಿಂದಲೇ ದುಆ ಮಾಡೋಣ.